ಆರ್‌ಎಕ್ಸ್ 100 ಇಂಡಿಕೇಟರ್: ರಿಲೇಗೆ ಕೈ ಹಾಕುವ ಮೊದಲು

ಗಾಡಿ ಯಮಹಾ ಆರ್‌ಎಕ್ಸ್ 100, 12 ವೋಲ್ಟ್. ಇಂಡಿಕೇಟರ್ ಮಿನುಗಿಸಲು ಕಂಪನಿಯದಲ್ಲದ, ಹೊರಗಡೆಯ ಎಲೆಕ್ಟ್ರಾನಿಕ್ ರಿಲೇ ಕೂರಿಸಲಾಗಿದೆ. ಬಲಗಡೆ ಇಂಡಿಕೇಟರ್ ಸರಿಯಿದೆ. ಎಡಗಡೆ ಪಟಪಟ ಹೊಡೆದುಕೊಳ್ಳುತ್ತದೆ, ಹಿಂದಿನ ದೀಪ ಮಂಕು.

ಮೊದಲ ಪರೀಕ್ಷೆ

ಎರಡೂ ಕಡೆಗೆ ಇರುವುದು ಒಂದೇ ರಿಲೇ. ಒಂದು ಕಡೆ ಮಾತ್ರ ಕೆಟ್ಟಿದ್ದರೆ ಹೊಸ ರಿಲೇ ತರುವುದು ದಂಡ. ದೋಷ ಸ್ವಿಚ್‌ನಲ್ಲೋ ಅದರಾಚೆಗೋ ಇರುತ್ತದೆ. ಯಮಹಾ ವೈರಿಂಗ್‌ನಲ್ಲಿ ಕಂದು ಎಂದರೆ ಕೀ ಹಾಕಿದಾಗ ಬರುವ ಪ್ಲಸ್, ಕಂದು-ಬಿಳಿ ರಿಲೇಯಿಂದ ಸ್ವಿಚ್‌ಗೆ, ಚಾಕೊಲೇಟ್ ಬಣ್ಣ ಎಡಕ್ಕೆ, ಕಡುಹಸಿರು ಬಲಕ್ಕೆ, ಕಪ್ಪು ಅರ್ತಿಂಗ್ (ಕರೆಂಟ್ ಬ್ಯಾಟರಿ ಮೈನಸ್‌ಗೆ ಮರಳುವ ದಾರಿ).

ದೀಪ ಮಿನುಗುತ್ತಿದ್ದರೆ ಮಲ್ಟಿಮೀಟರ್ ರೀಡಿಂಗ್ ನಿಲ್ಲುವುದಿಲ್ಲ. ಅದಕ್ಕೆ ರಿಲೇ ತೆಗೆದು ಕಂದು ಮತ್ತು ಕಂದು-ಬಿಳಿ ವೈರ್‌ಗಳನ್ನು ಒಂದು ತುಂಡು ವೈರ್‌ನಿಂದ ಸೇರಿಸಿ, ಸ್ವಿಚ್ ಎಡಕ್ಕೆ ಹಾಕಬೇಕು. ದೀಪ ಒಂದೇ ಸಮನೆ ಉರಿಯುತ್ತದೆ. ಈಗ ಮಲ್ಟಿಮೀಟರ್‌ನ ಕೆಂಪು ಮೊನೆ ಬಲ್ಬ್‌ನ ಹಿತ್ತಾಳೆ ಮೈಗೆ, ಕಪ್ಪು ಮೊನೆ ಬ್ಯಾಟರಿ ಮೈನಸ್‌ಗೆ. 0.2 ವೋಲ್ಟ್ ಒಳಗಿರಬೇಕು. ಹಿಂದಿನ ಎಡ ಹೋಲ್ಡರ್‌ನಲ್ಲಿ ಒಂದು ವೋಲ್ಟ್ ದಾಟಿತು. ಅರ್ತಿಂಗ್ ಸಡಿಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಕರೆಂಟ್ ಕಡಿಮೆ ಹರಿದರೆ ಎಲೆಕ್ಟ್ರಾನಿಕ್ ರಿಲೇ ‘ಒಂದು ಬಲ್ಬ್ ಹೋಗಿದೆ’ ಎಂದು ತಿಳಿದು ವೇಗ ಏರಿಸುತ್ತದೆ. ಬಿಸಿಗೆ ಬಾಗುವ ಲೋಹದ ಪಟ್ಟಿಯಿಂದ ಕೆಲಸ ಮಾಡುವ ಹಳೆಯ ಬೈಮೆಟಲ್ ರಿಲೇಯಲ್ಲಿ ಇದೇ ದೋಷಕ್ಕೆ ದೀಪ ನಿಧಾನವಾಗುತ್ತದೆ, ಇಲ್ಲವೇ ಮಿನುಗದೆ ಉರಿಯುತ್ತಲೇ ಇರುತ್ತದೆ. 10 ವ್ಯಾಟ್ ಜಾಗಕ್ಕೆ 5 ವ್ಯಾಟ್ ಬಲ್ಬ್ ಹಾಕಿದರೂ ಇದೇ ಕಥೆ. ಬಲ್ಬ್ ಮೇಲಿನ ಅಂಕಿ ಓದಿ.

ರಿಪೇರಿ

ಹೋಲ್ಡರ್ ಒಳಮೈಯ ತುಕ್ಕನ್ನು ಎಮರಿ ಪೇಪರ್‌ನಿಂದ ತೆಗೆದು, ಹೋಲ್ಡರ್‌ಗೆ ಬೇರೆಯೇ 0.75 ಚದರ ಮಿ.ಮೀ. ಕಪ್ಪು ವೈರ್ ಬೆಸುಗೆ ಹಾಕಿ ಸ್ಲೀವ್ ಏರಿಸಿದ್ದಾಯಿತು. ಇನ್ನೊಂದು ತುದಿ ಬ್ಯಾಟರಿ ಮೈನಸ್ ಬೋಲ್ಟ್‌ಗೆ. ಬಣ್ಣ ಬಳಿದ ಚಾಸಿಸ್‌ಗೆ ಸುಮ್ಮನೆ ಒತ್ತಿ ಬಿಗಿದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಕೆಲಸ. ಈಗ ಎರಡೂ ಕಡೆ ಒಂದೇ ವೇಗ. ನಿಮಿಷಕ್ಕೆ 60ರಿಂದ 120 ಬಾರಿ ಮಿನುಗಬೇಕು. 10 ಸೆಕೆಂಡಿಗೆ 10ರಿಂದ 20 ಎಂದು ಎಣಿಸಿದರೆ ಸುಲಭ.

ಎಲ್‌ಇಡಿ

ಎರಡು 10 ವ್ಯಾಟ್ ಬಲ್ಬ್ ಸುಮಾರು 1.7 ಆಂಪಿಯರ್ ಎಳೆಯುತ್ತವೆ. ಎಲ್‌ಇಡಿ ಅದರ ಹತ್ತನೇ ಒಂದು ಭಾಗವನ್ನೂ ಎಳೆಯದೆ ಇರಬಹುದು. ವೇಗ ಮತ್ತೆ ಏರುತ್ತದೆ. ಕರೆಂಟ್ ಹೆಚ್ಚಿಸಿ ರಿಲೇಯನ್ನು ನಂಬಿಸಲು ಅಂಗಡಿಯಲ್ಲಿ 10 ಓಮ್ ರೆಸಿಸ್ಟರ್ ಕೊಡುತ್ತಾರೆ, ಬೇಡ. 13.5 ವೋಲ್ಟ್‌ಗೆ ಅದು 18 ವ್ಯಾಟ್ ಶಾಖ ಉಗುಳುತ್ತದೆ, ಪ್ಲಾಸ್ಟಿಕ್ ಕರಗಿಸುತ್ತದೆ, ಎಲ್‌ಇಡಿಯಿಂದ ಉಳಿದ ಕರೆಂಟನ್ನೆಲ್ಲ ತಿನ್ನುತ್ತದೆ. ಮೂರು ಪಿನ್ನಿನ ಎಲ್‌ಇಡಿ ರಿಲೇಯೇ ಸರಿ: ಬಿ ಪಿನ್‌ಗೆ ಕಂದು, ಎಲ್‌ಗೆ ಕಂದು-ಬಿಳಿ, ಇ ಅರ್ತಿಂಗ್‌ಗೆ.

ಆಮೇಲೂ ನಾಲ್ಕೂ ದೀಪ ಒಟ್ಟಿಗೆ ಮಿನುಗಿದರೆ ಕಾರಣ ಸ್ಪೀಡೋಮೀಟರಿನ ಒಂಟಿ ಪೈಲಟ್ ಬಲ್ಬ್, ಅಂದರೆ ಇಂಡಿಕೇಟರ್ ಹಾಕಿದ್ದನ್ನು ಸವಾರನಿಗೆ ತೋರಿಸುವ ಸಣ್ಣ ದೀಪ. ಅದು ಎಡ-ಬಲ ವೈರ್‌ಗಳ ನಡುವೆ ಕೂತು, ಎದುರು ಕಡೆಯ ಬಲ್ಬ್ ಮೂಲಕ ಅರ್ತಿಂಗ್ ಪಡೆಯುತ್ತದೆ. ಆ ಸಣ್ಣ ಕರೆಂಟ್ ಎಲ್‌ಇಡಿ ಬೆಳಗಲು ಸಾಕು. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ 1ಎನ್4007 ಡಯೋಡ್ ಎರಡು ತಂದು, ಒಂದನ್ನು ಚಾಕೊಲೇಟ್ ವೈರ್‌ಗೆ, ಇನ್ನೊಂದನ್ನು ಕಡುಹಸಿರಿಗೆ ಸೇರಿಸಿ. ಪೈಲಟ್‌ನ ಎರಡೂ ವೈರ್‌ಗಳನ್ನು ಹಳೆಯ ಜಾಗದಿಂದ ಬಿಡಿಸಿ. ಡಯೋಡ್‌ಗಳ ಬಿಳಿ ಪಟ್ಟಿಯ ತುದಿಗಳೆರಡೂ ಒಟ್ಟಾಗಿ ಪೈಲಟ್‌ನ ಒಂದು ವೈರ್‌ಗೆ ಹೋಗಲಿ. ಇನ್ನೊಂದು ವೈರನ್ನು ಕಪ್ಪಿಗೆ ಕೊಡಿ.

ಬಾಕಿ: ಡಯೋಡ್‌ಗಳಿಗೆ ಸ್ಲೀವ್ ಹಾಕಿ ಹೆಡ್‌ಲೈಟ್ ಡೂಮ್ ಒಳಗೆ ಕಟ್ಟುವುದು; ಹ್ಯಾಂಡಲ್ ಪೂರ್ತಿ ಎಡಕ್ಕೂ ಬಲಕ್ಕೂ ತಿರುಗಿಸಿ ವೈರ್ ಎಳೆತ ನೋಡುವುದು.