ಥಿಯರಿಗೆ ಆಬ್ಜೆಕ್ಟ್ ಬೇಡ, ಸಾದಾ ವ್ಯಾಲ್ಯೂ ಕೊಡಿ

ನಮ್ಮ ಬಿಲ್ಲಿಂಗ್ ಕೋಡ್ ಸಿ ಶಾರ್ಪ್‌ನಲ್ಲಿದೆ, ಟೆಸ್ಟ್‌ಗಳು ಎಕ್ಸ್‌ಯುನಿಟ್ ಎಂಬ ಟೆಸ್ಟಿಂಗ್ ಫ್ರೇಮ್‌ವರ್ಕ್‌ನಲ್ಲಿ. ಜಿಎಸ್‌ಟಿ ಲೆಕ್ಕಕ್ಕೆ ಒಂದು ಥಿಯರಿ, ಅಂದರೆ ಬೇರೆ ಬೇರೆ ಡೇಟಾ ಕೊಟ್ಟು ಮತ್ತೆ ಮತ್ತೆ ಓಡಿಸುವ ಒಂದೇ ಟೆಸ್ಟ್, ಇತ್ತು. ಬೇರೆ ಕಡೆ ಬರೆದ ಪಟ್ಟಿಯಿಂದ ಡೇಟಾ ತರುವ ಮೆಂಬರ್‌ಡೇಟಾ ಮೂಲಕ ಅದಕ್ಕೆ ಇನ್‌ವಾಯ್ಸ್ ಆಬ್ಜೆಕ್ಟ್‌ಗಳು ಹೋಗುತ್ತಿದ್ದವು. ಎಲ್ಲ ಕೇಸ್‌ಗಳೂ ಓಡುತ್ತಿದ್ದವು. ಆದರೆ ಟೆಸ್ಟ್‌ಗಳ ಪಟ್ಟಿ ತೋರಿಸುವ ಟೆಸ್ಟ್ ಎಕ್ಸ್‌ಪ್ಲೋರರ್‌ನಲ್ಲಿ ಅಷ್ಟಕ್ಕೂ ಸೇರಿ ಒಂದೇ ಸಾಲು. ಫೇಲ್ ಆದ ಕೇಸ್ ಒಂದನ್ನೇ ಡೀಬಗ್ ಮಾಡೋಣ ಅಂದರೆ ಆಗುತ್ತಿರಲಿಲ್ಲ.

ಯಾಕೆ ಹೀಗೆ? ಟೆಸ್ಟ್‌ಗಳನ್ನು ಹುಡುಕುವುದು ಒಂದು ಹಂತ, ಓಡಿಸುವುದು ಇನ್ನೊಂದು. ನೀವು ಒಂದು ಕೇಸ್ ಆರಿಸಿ ರನ್ ಒತ್ತಿದಾಗ, ಅದು ಯಾವ ಕೇಸ್ ಅಂತ ಎರಡನೇ ಹಂತಕ್ಕೆ ಗೊತ್ತಾಗಬೇಕಲ್ವಾ? ಅದಕ್ಕಾಗಿ ಎಕ್ಸ್‌ಯುನಿಟ್ ಆ ಕೇಸ್‌ನ ಪ್ಯಾರಾಮೀಟರ್‌ಗಳನ್ನು ಸ್ಟ್ರಿಂಗ್ ಆಗಿ ಬರೆದಿಡುತ್ತದೆ. ಇಂಟ್, ಸ್ಟ್ರಿಂಗ್, ಡೆಸಿಮಲ್, ಡೇಟ್‌ಟೈಮ್, ಈನಮ್, ಇವುಗಳ ಅರೇ ಎಲ್ಲ ಹಾಗೆ ಬರೆಯಲು ಬರುತ್ತವೆ. ನಮ್ಮ ಇನ್‌ವಾಯ್ಸ್ ಕ್ಲಾಸ್ ಬರುವುದಿಲ್ಲ. ಆಗ ಎಕ್ಸ್‌ಯುನಿಟ್ ಬೇರೆ ಬೇರೆ ತೋರಿಸುವುದನ್ನೇ ಬಿಟ್ಟು ಎಲ್ಲವನ್ನೂ ಒಂದೇ ಗಂಟು ಕಟ್ಟುತ್ತದೆ.

ಇನ್‌ವಾಯ್ಸ್ ಕ್ಲಾಸ್‌ಗೆ ಎಕ್ಸ್‌ಯುನಿಟ್‌ನ ಐಎಕ್ಸ್‌ಯುನಿಟ್‌ಸೀರಿಯಲೈಜಬಲ್ ಇಂಟರ್‌ಫೇಸ್ ಅಳವಡಿಸಿದರೂ ಕೆಲಸ ಆಗುತ್ತದೆ. ಅದಕ್ಕೆ ಪ್ಯಾರಾಮೀಟರ್ ಇಲ್ಲದ ಕನ್‌ಸ್ಟ್ರಕ್ಟರ್ ಬೇಕು, ಬರೆದಿಡಲು ಸೀರಿಯಲೈಜ್, ಮತ್ತೆ ಓದಿಕೊಳ್ಳಲು ಡೀಸೀರಿಯಲೈಜ್, ಎರಡೂ ಮೆಥಡ್ ಬೇಕು. ಟೆಸ್ಟ್‌ಗೋಸ್ಕರ ಅಸಲಿ ಕ್ಲಾಸ್‌ನ ಆಕಾರ ಬದಲಿಸುವುದು ನನಗೆ ಸರಿ ಕಾಣಲಿಲ್ಲ.

ಹಾಗಾಗಿ ಸಾದಾ ವ್ಯಾಲ್ಯೂಗಳನ್ನಷ್ಟೇ ಕೊಟ್ಟು, ಇನ್‌ವಾಯ್ಸನ್ನು ಟೆಸ್ಟ್ ಒಳಗೇ ಕಟ್ಟಿದೆವು. ಮೊತ್ತ, ದರ, ಮಾರುವವರ ರಾಜ್ಯದ ಕೋಡ್, ಕೊಳ್ಳುವವರ ರಾಜ್ಯದ ಕೋಡ್, ಬರಬೇಕಾದ ತೆರಿಗೆಗಳು. 1000, 18, 29, 29 ಅಂದರೆ ಕರ್ನಾಟಕದೊಳಗಿನ ಮಾರಾಟ: ಕೇಂದ್ರಕ್ಕೆ 90, ರಾಜ್ಯಕ್ಕೆ 90. ಕೊನೆಯ 29ರ ಜಾಗದಲ್ಲಿ ತಮಿಳುನಾಡಿನ 33 ಬಂದರೆ ಅಂತರರಾಜ್ಯ ಮಾರಾಟದ ತೆರಿಗೆ ಐಜಿಎಸ್‌ಟಿ 180. ಈಗ ಈ ಅಂಕಿಗಳೆಲ್ಲ ಟೆಸ್ಟ್‌ನ ಹೆಸರಿನಲ್ಲೇ ಕಾಣುತ್ತವೆ. ಯಾವ ಕೇಸ್ ಮುರಿದಿದೆ ಅಂತ ಕೋಡ್ ತೆರೆಯದೆಯೇ ತಿಳಿಯುತ್ತದೆ. ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಇದೇ.

ದುಡ್ಡಿನ ಲೆಕ್ಕ ಮಾಡುವವರಿಗೆ ಒಂದು ಮಾತು. ಟೆಸ್ಟ್‌ನ ತಲೆಯ ಮೇಲೇ ವ್ಯಾಲ್ಯೂ ಬರೆಯುವ ಇನ್‌ಲೈನ್‌ಡೇಟಾ ಒಂದು ಆಟ್ರಿಬ್ಯೂಟ್, ಅದರೊಳಗೆ ಡೆಸಿಮಲ್ ಬರೆಯಲು ಸಿ ಶಾರ್ಪ್ ಬಿಡುವುದಿಲ್ಲ. ಅಂತ ಸುಮ್ನೆ ಡಬಲ್‌ಗೆ ಇಳಿಯಬೇಡಿ, ಪೈಸೆ ಲೆಕ್ಕ ತಪ್ಪುತ್ತದೆ. ಮೆಂಬರ್‌ಡೇಟಾಗೆ ಕೊಡುವ ಪಟ್ಟಿಯನ್ನು ಥಿಯರಿಡೇಟಾ ಎಂಬ ಟೈಪ್‌ನಲ್ಲಿ ಬರೆದರೆ ಡೆಸಿಮಲ್ ಹಾಗೇ ಕೊಡಬಹುದು.

ಥಿಯರಿಡೇಟಾ ಬಳಸಿದರೆ ಕೋಡ್ ಪರೀಕ್ಷಿಸಿ ಸೂಚನೆ ಕೊಡುವ ಎಕ್ಸ್‌ಯುನಿಟ್ ಅನಲೈಜರ್ ಕೂಡ ನೆರವಿಗೆ ಬರುತ್ತದೆ. ಎಕ್ಸ್‌ಯುನಿಟ್ 1044 ಮತ್ತು 1045 ಸೂಚನೆಗಳು, ಸ್ಟ್ರಿಂಗ್ ಆಗಿ ಬರೆಯಲು ಬಾರದ ಅಥವಾ ಬಾರದಿರಬಹುದಾದ ಟೈಪ್ ಕೊಟ್ಟಾಗ ತಿಳಿಸಲೆಂದೇ ಇವೆ. ಅವು ಬರೀ ಮಾಹಿತಿ ಮಟ್ಟದವು, ಕಣ್ತಪ್ಪುತ್ತವೆ. ನಾವು ಎಡಿಟರ್‌ಕಾನ್ಫಿಗ್ ಎಂಬ ಸೆಟ್ಟಿಂಗ್ಸ್ ಫೈಲ್‌ನಲ್ಲಿ ಎರಡನ್ನೂ ವಾರ್ನಿಂಗ್ ಮಾಡಿಕೊಂಡಿದ್ದೇವೆ. ಆಬ್ಜೆಕ್ಟೇ ಕೊಡಬೇಕಾದ ಕಡೆ ಮಾತ್ರ, ಹುಡುಕುವ ಹಂತದಲ್ಲಿ ಕೇಸ್‌ಗಳನ್ನು ಬಿಡಿಸಬೇಡ ಎನ್ನುವ ಡಿಸೇಬಲ್‌ಡಿಸ್ಕವರಿಎನ್ಯೂಮರೇಶನ್ ಅನ್ನು ಮೆಂಬರ್‌ಡೇಟಾದಲ್ಲಿ ಟ್ರೂ ಮಾಡಿ, ಕಾರಣವನ್ನು ಪಕ್ಕದಲ್ಲೇ ಕಾಮೆಂಟ್ ಆಗಿ ಬರೆಯುತ್ತೇವೆ.