ನಾರ್ವೆಯ ರೈತರು ನೆಲೆ ನಿಂತ ಅಮೆರಿಕದ ಪ್ರೇರಿ ಹುಲ್ಲುಬಯಲಿಗೆ ಹೋಗುವವರಿಗೆ

ನಾರ್ತ್ ಡಕೋಟಾದ ಮೈನಾಟ್ ಊರಿಗೆ ಸೆಪ್ಟೆಂಬರ್ ಕೊನೆಯ ವಾರ ಹೋಗಬೇಡಿ. ಆಗ ಅಲ್ಲಿ ಹೋಸ್ಟ್‌ಫೆಸ್ಟ್ ಇರುತ್ತದೆ. 1978ರಲ್ಲಿ ಶುರುವಾದ ದೊಡ್ಡ ಸ್ಕ್ಯಾಂಡಿನೇವಿಯನ್ ಹಬ್ಬ ಅದು. ಹಾಡು, ಕುಣಿತ, ಅಂಗಡಿ ಸಾಲು ಇಷ್ಟಪಡುವವರಿಗೆ ಖುಷಿಯಾಗಬಹುದು. ನನಗೆ ಜನಜಂಗುಳಿ ಆಗಿಬರುವುದಿಲ್ಲ. ಅಲ್ಲದೆ ನಾವು ಮಿನಿಯಾಪೊಲಿಸ್‌ನಿಂದ ಅಷ್ಟು ದೂರ ಕಾರು ಓಡಿಸಿಕೊಂಡು ಹೋಗಿದ್ದೇ ಬೇರೆ ಕಾರಣಕ್ಕೆ. ಈ ಬಯಲಿಗೆ ಬಂದು ಉತ್ತು ಬದುಕಿದ ನಾರ್ವೆಯವರು ಹೇಗಿದ್ದರು ಅಂತ ನೋಡಬೇಕಿತ್ತು. ಹಬ್ಬದ ಗದ್ದಲದಲ್ಲಿ ಅದು ಕಾಣಿಸುವುದಿಲ್ಲ.

ರೂಮಿನ ವಿಷಯ ಹೇಳಲೇಬೇಕು. ಹೆದ್ದಾರಿ ಪಕ್ಕದ ಒಂದು ಮೋಟೆಲ್‌ಗೆ ಆಗಸ್ಟ್‌ನಲ್ಲೇ ಫೋನ್ ಮಾಡಿ, ರಾತ್ರಿಗೆ 95 ಡಾಲರ್ ಅಂತ ಮಾತಾಡಿಕೊಂಡಿದ್ದೆವು. ಕತ್ತಲಾದ ಮೇಲೆ ಹೋಗಿ ನಿಂತರೆ ಕೌಂಟರಿನಲ್ಲಿದ್ದವನು 230 ಅಂದ. ಹಬ್ಬದ ವಾರಕ್ಕೆ ಹಳೇ ರೇಟು ನಡೆಯೋದಿಲ್ಲವಂತೆ. ಊರಲ್ಲಿ ಬೇರೆಲ್ಲೂ ಜಾಗ ಇರಲಿಲ್ಲ, ಮಗಳು ಕಾರಿನಲ್ಲೇ ನಿದ್ದೆಹೋಗಿದ್ದಳು. ಕೊಟ್ಟೆವು. ರೂಮಿನ ತುಂಬಾ ಸಿಗರೇಟು ವಾಸನೆ, ಬೆಳಗಿನ ತನಕ ಹೀಟರಿನ ಗಡಗಡ. ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ. ನೀವು ರೇಟನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಬಾಯಿಮಾತು ನಂಬಬೇಡಿ.

ಮೈನಾಟ್‌ನ ಸ್ಕ್ಯಾಂಡಿನೇವಿಯನ್ ಹೆರಿಟೇಜ್ ಪಾರ್ಕಿಗೆ ಟಿಕೆಟ್ ಇಲ್ಲ. ಎಲ್ಲರೂ ಫೋಟೋ ತೆಗೆಯುವುದು ನಾರ್ವೆಯ ಗೋಲ್ ಎಂಬ ಊರಿನ ಹಳೇ ಮರದ ಚರ್ಚಿನ ಮಾದರಿಯ ಮುಂದೆ. ಚೆನ್ನಾಗಿದೆ, ಆದರೆ ಇಲ್ಲಿಗೆ ಬಂದ ಬಡ ರೈತರಿಗೆ ಅಂಥ ಚರ್ಚು ಎಲ್ಲಿತ್ತು? ನೀವು ಸೋಂದ್ರೆ ನೋರ್‌ಹೈಮ್ ಪ್ರತಿಮೆಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ಇವತ್ತಿನ ಸ್ಕೀ ಆಟಕ್ಕೆ ದಾರಿ ಹಾಕಿಕೊಟ್ಟವನು ಅಂತ ಹೆಸರಾದ ಮನುಷ್ಯ ಈತ. 1884ರಲ್ಲಿ, ಅರವತ್ತರ ಹತ್ತಿರ ವಯಸ್ಸಾಗಿದ್ದಾಗ, ಸಂಸಾರ ಕಟ್ಟಿಕೊಂಡು ಅಮೆರಿಕಕ್ಕೆ ಬಂದ. ಗುಡ್ಡವೇ ಇಲ್ಲದ ಈ ಬಯಲಿಗೆ! 1897ರಲ್ಲಿ ತೀರಿಕೊಂಡ. ಎಷ್ಟೋ ದಶಕ ಅವನ ಸಮಾಧಿಗೆ ಒಂದು ಹೆಸರಿನ ಕಲ್ಲೂ ಇರಲಿಲ್ಲ. ಆ ಸಮಾಧಿ ಇರುವುದು 2ನೇ ಹೆದ್ದಾರಿಯಲ್ಲಿ ಪೂರ್ವಕ್ಕೆ ಹೋದರೆ ಸಿಗುವ ಡೆನ್ಬಿ ಹತ್ತಿರದ ನಾರ್ವೆ ಲೂಥರನ್ ಚರ್ಚಿನ ಆವರಣದಲ್ಲಿ. ಮಣ್ಣುರಸ್ತೆ, ಫೋನ್ ಸಿಗ್ನಲ್ ನಂಬುವ ಹಾಗಿಲ್ಲ. ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ, ಪೆಟ್ರೋಲ್ ಮೈನಾಟ್‌ನಲ್ಲೇ ತುಂಬಿಸಿ.

ಇಂಥ ಹಳ್ಳಿ ಚರ್ಚುಗಳ ಸಮಾಧಿ ಕಲ್ಲುಗಳನ್ನು ಓದುತ್ತಾ ಹೋಗಿ. ಮಕ್ಕಳ ಕಲ್ಲುಗಳು ಜಾಸ್ತಿ. ಇವರೆಲ್ಲ ಊರು ಬಿಟ್ಟು ಬಂದದ್ದು ಯಾಕೆ? ನಾರ್ವೆಯಲ್ಲಿ ಉಳಬಹುದಾದ ನೆಲ ನೂರಕ್ಕೆ ಮೂರು ಪಾಲಿನಷ್ಟು. ಹೊಲ ದೊಡ್ಡ ಮಗನಿಗೆ ಹೋಗುತ್ತಿತ್ತು, ಉಳಿದವರಿಗೆ ಕೂಲಿಯೇ ಗತಿ. ಇಲ್ಲಿ 1862ರ ಹೋಮ್‌ಸ್ಟೆಡ್ ಕಾಯ್ದೆ ಪ್ರಕಾರ ಐದು ವರ್ಷ ಅಲ್ಲೇ ಇದ್ದು ಉತ್ತರೆ 160 ಎಕರೆ ಸ್ವಂತ. ಫೀಸು ಎಲ್ಲ ಸೇರಿ 18 ಡಾಲರ್. ಮದುವೆಯಾಗದ ಹೆಂಗಸರೂ 21 ತುಂಬಿದ್ದರೆ ಜಮೀನು ಕೇಳಬಹುದಿತ್ತು. ಬಂದವರು ಆ ಐದು ವರ್ಷ ತಳ್ಳಿದ ರೀತಿ ಕೇಳಿ. ಮರವಿಲ್ಲದ ಬಯಲು. ಬೇರು ಸಮೇತ ಹುಲ್ಲುಮಣ್ಣನ್ನು ನೇಗಿಲಿನಿಂದ ಪಟ್ಟಿ ಪಟ್ಟಿಯಾಗಿ ಸೀಳಿ, ಹುಲ್ಲಿನ ಮಗ್ಗುಲು ಕೆಳಗೆ ಮಾಡಿ ಒಂದರ ಮೇಲೊಂದು ಪೇರಿಸಿ ಗೋಡೆ ಎಬ್ಬಿಸುತ್ತಿದ್ದರು. ಚಳಿಗೆ ಬೆಚ್ಚಗೆ, ಬೇಸಿಗೆಗೆ ತಂಪು. ಆದರೆ ಮಳೆ ನಿಂತ ಮೇಲೂ ಸೂರು ತೊಟ್ಟಿಕ್ಕುತ್ತಲೇ ಇರುತ್ತಿತ್ತು. ಸೌದೆ ಇಲ್ಲ, ಹಾಗಾಗಿ ಒಣಹುಲ್ಲು ಹೊಸೆದು, ಒಣಗಿದ ಸಗಣಿ ಆಯ್ದು ಒಲೆ ಉರಿಸಿದರು. 1870ರ ದಶಕದಲ್ಲಿ ಮಿಡತೆಗಳು ವರ್ಷಗಟ್ಟಲೆ ಬೆಳೆ ತಿಂದವು. 1888ರ ಜನವರಿ 12ರಂದು ಹಿತವಾಗಿದ್ದ ಹವೆ ಇದ್ದಕ್ಕಿದ್ದಂತೆ ಹಿಮಗಾಳಿಯಾಗಿ ತಿರುಗಿ 200ಕ್ಕೂ ಜಾಸ್ತಿ ಜನ ಸತ್ತರು. ಅವರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಅಲ್ಲಿನ ಗಾಳಿಗೆ ಹತ್ತು ನಿಮಿಷ ಮೈಯೊಡ್ಡಿ ನಿಂತರೆ ಇದೆಲ್ಲ ಅರ್ಥವಾಗುತ್ತದೆ.

ಅದೇ 2ನೇ ಹೆದ್ದಾರಿಯ ಒಂದು ಸಣ್ಣ ಊರಲ್ಲಿ ನಾವು ಊಟ ಮಾಡಿದ ಕೆಫೆ ನನಗೆ ಇಡೀ ಪ್ರವಾಸದ ಸುಖ. ಫಾರ್ಮಿಕಾ ಮೇಜು, ಹೊರಗೆ ಪಿಕಪ್ ಟ್ರಕ್ಕುಗಳು, ಒಳಗೆ ಎಪ್ಪತ್ತು ದಾಟಿದ ಇಬ್ಬರು ಅಜ್ಜಿಯರು. ಲೆಫ್ಸೆ ಕೇಳಿದೆವು. ಆಲೂಗೆಡ್ಡೆ ಬೇಯಿಸಿ, ಮಸೆದು, ಹಿಟ್ಟು ಬೆಣ್ಣೆ ಸೇರಿಸಿ, ಗೀರುಗಳಿರುವ ಲಟ್ಟಣಿಗೆಯಲ್ಲಿ ಲಟ್ಟಿಸಿ, ಉದ್ದನೆಯ ಚಪ್ಪಟೆ ಕೋಲಿನಿಂದ ಎತ್ತಿ ಕಾವಲಿಗೆ ಹಾಕುತ್ತಾರೆ. ಬೆಣ್ಣೆ ಸವರಿ, ಸಕ್ಕರೆ ಉದುರಿಸಿ, ಸುರುಳಿ ಸುತ್ತಿ ಕೊಟ್ಟರು. ಹೂರಣವಿಲ್ಲದ ಹೋಳಿಗೆಯ ಹಾಗಿತ್ತು. ಮಗಳು ಕೈಯಲ್ಲಿ ಸುತ್ತಿಕೊಂಡು ತಿನ್ನುವುದನ್ನು ನೋಡಿ ಅಜ್ಜಿ ಇನ್ನೆರಡು ತಂದಿಟ್ಟರು, ಅದಕ್ಕೆ ದುಡ್ಡು ಹಾಕಲಿಲ್ಲ. ಮೊಟ್ಟೆ, ಲೆಫ್ಸೆ, ರೂಬಾರ್ಬ್ ಪೈ, ಕೇಳಿದಷ್ಟು ಕಾಫಿ. ಮೂವರಿಗೂ ಸೇರಿ 30 ಡಾಲರ್ ಒಳಗೆ. ಕಾರ್ಡ್ ತೆಗೆದುಕೊಳ್ಳುವುದಿಲ್ಲ, ನಗದು ಇಟ್ಟುಕೊಳ್ಳಿ. ಮಧ್ಯಾಹ್ನ ಎರಡಕ್ಕೆ ಬಾಗಿಲು ಹಾಕುತ್ತಾರೆ. ಸಸ್ಯಾಹಾರಿಗಳಿಗೆ ಇನ್ನೊಂದು ಮಾತು: ಲೂಟೆಫಿಸ್ಕ್ ಅಂದರೆ ಕ್ಷಾರದಲ್ಲಿ ನೆನೆಸಿದ ಒಣ ಮೀನು. ಚರ್ಚಿನ ಊಟಗಳಿಗೆ ಹೋಗುವುದಾದರೆ ಕೇಳಿಕೊಂಡು ತಟ್ಟೆ ಹಿಡಿಯಿರಿ.

ಒಂದೇ ಜಾಗಕ್ಕೆ ಸಮಯವಿದೆ ಅನ್ನುವವರು ಮೈನಾಟ್ ಬಿಡಿ, ಅಯೋವಾದ ಡೆಕೋರಾಗೆ ಹೋಗಿ. ಮಿನಿಯಾಪೊಲಿಸ್‌ನಿಂದ ಮೂರು ಗಂಟೆಯ ಒಳಗೆ ಸಿಗುತ್ತದೆ. ಅಲ್ಲಿನ ವೆಸ್ಟರ್‌ಹೈಮ್ ಮ್ಯೂಸಿಯಂನಲ್ಲಿ ವಲಸೆ ಬಂದವರು ಹೊತ್ತು ತಂದ ಪೆಟ್ಟಿಗೆಗಳಿವೆ. ಹೂಬಳ್ಳಿ ಚಿತ್ರ, ಮುಂಭಾಗದಲ್ಲಿ ಹೆಸರು, ಇಸವಿ. ಬದುಕೆಲ್ಲ ಒಂದು ಪೆಟ್ಟಿಗೆಯಲ್ಲಿ ಹಿಡಿಸಬೇಕಿತ್ತಲ್ಲ, ಏನು ಬಿಟ್ಟು ಬಂದರೋ! ಎಗ್ಗೆ ಕುಟುಂಬದ ಒಂದೇ ಕೋಣೆಯ ಮರದ ಮನೆಯನ್ನೂ ತಂದು ಇಟ್ಟಿದ್ದಾರೆ. 1853ರ ಚಳಿಗಾಲದಲ್ಲಿ ಗಂಡ, ಹೆಂಡತಿ, ಎರಡು ಮಕ್ಕಳ ಆ ಮನೆಯಲ್ಲೇ ಹೊಸದಾಗಿ ಬಂದ ಪಾದ್ರಿ ಕೋರೆನ್ ದಂಪತಿಗೂ ಜಾಗ ಕೊಟ್ಟಿದ್ದರು. ಆ ದಿನಗಳನ್ನು ಎಲಿಸಬೆತ್ ಕೋರೆನ್ ಡೈರಿಯಲ್ಲಿ ಬರೆದಿಟ್ಟಿದ್ದಾಳೆ. ಡೆಕೋರಾದಲ್ಲೂ ಜುಲೈ ಕೊನೆಯಲ್ಲಿ ಹಬ್ಬವಿದೆ, ಆ ವಾರಾಂತ್ಯ ತಪ್ಪಿಸಿ.

ಮೈನಾಟ್‌ಗೇ ಹೋದವರು ವಾಪಸ್ ಬರುವಾಗ ಡೆವಿಲ್ಸ್ ಲೇಕ್ ಹತ್ತಿರ ದಕ್ಷಿಣಕ್ಕೆ ತಿರುಗಿ ಫೋರ್ಟ್ ಟಾಟನ್ ಕೋಟೆ ನೋಡಿ. ಅದು ಮೂಲನಿವಾಸಿಗಳಾದ ಡಕೋಟಾ ಜನರ ಸ್ಪಿರಿಟ್ ಲೇಕ್ ಪ್ರದೇಶ. ಅವರಿಗೆಂದೇ ಬಿಟ್ಟಿದ್ದ ನೆಲವನ್ನೂ 1904ರಲ್ಲಿ ಸರ್ಕಾರ ಹೊರಗಿನವರಿಗೆ ತೆರೆಯಿತು. ಹಾಗೆ ಜಮೀನು ಹಿಡಿದವರಲ್ಲಿ ನಾರ್ವೆಯವರು ಬಹಳ. ಕೋಟೆಯ ಕಟ್ಟಡಗಳಲ್ಲಿ ಮೂಲನಿವಾಸಿ ಮಕ್ಕಳ ವಸತಿ ಶಾಲೆ ನಡೆಯುತ್ತಿತ್ತು. ಬಡ ನಾರ್ವೆಯವರಿಗೆ ನೆಲ ಸಿಕ್ಕ ಕಥೆಯ ಇನ್ನೊಂದು ಮಗ್ಗುಲು ಇಲ್ಲಿದೆ, ಇದನ್ನು ಬಿಟ್ಟು ಬಂದರೆ ನೋಡಿದ್ದು ಅರ್ಧವೇ. ಬೇಸಿಗೆ ಕಳೆದ ಮೇಲೆ ಬಾಗಿಲು ಹಾಕಿರಬಹುದು, ಹೊರಡುವ ಮುಂಚೆ ಫೋನ್ ಮಾಡಿ ಕೇಳಿ. ಜೂನ್ ಇಲ್ಲವೇ ಸೆಪ್ಟೆಂಬರ್ ಮೊದಲ ವಾರ ಎಲ್ಲದಕ್ಕೂ ಅನುಕೂಲ.