ಟಕ್ ಟಕ್ ಗೀಸರ್: ಒಂದು ರಿಪೇರಿ ಡೈರಿ

ಡಿಸೆಂಬರ್ 7, ಭಾನುವಾರ

ರಾಯಚೂರಿನಲ್ಲಿ ಗೀಸರ್‌ಗೆ ಕೆಲಸ ಇರುವುದೇ ಎರಡು-ಮೂರು ತಿಂಗಳು. ಬೇಸಿಗೆ ಬಂತೆಂದರೆ ಮಾಳಿಗೆ ಮೇಲಿನ ಟ್ಯಾಂಕೇ ಗೀಸರ್, ಮಧ್ಯಾಹ್ನ ನಳಕ್ಕೆ ಕೈ ಒಡ್ಡೋಕಾಗಲ್ಲ. ಇರುವ ಈ ನಾಲ್ಕು ಚಳಿ ದಿನಗಳಲ್ಲೇ ನಮ್ಮದು ತಕರಾರು ತೆಗೆದಿದೆ. ಸ್ವಿಚ್ ಹಾಕಿದರೆ ಕೆಂಪು ದೀಪ ಹತ್ತುತ್ತದೆ. ಸ್ವಲ್ಪ ಹೊತ್ತಿಗೆ ಒಳಗೆ ‘ಟಕ್’. ದೀಪ ಆರುತ್ತದೆ. ಮತ್ತೆ ‘ಟಕ್’, ಮತ್ತೆ ಹತ್ತುತ್ತದೆ. ನೀರು ಮಾತ್ರ ಉಗುರು ಬೆಚ್ಚಗೆ.

“ಇದಕ್ಕಿಂತ ಹಂಡೆ ಒಲಿನ ಚಲೋ ಇತ್ತು” ಅಂದಳು ಅವ್ವ.

ಬಚ್ಚಲ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು, ಮೊಬೈಲ್ ಗಡಿಯಾರ ನೋಡುತ್ತಾ ಬರೆದುಕೊಂಡೆ. ಒಂದೂವರೆ ನಿಮಿಷ ಆನ್, ಆರು ನಿಮಿಷ ಆಫ್. 40 ನಿಮಿಷದಲ್ಲಿ ಐದು ಸಲ. ಅಂದರೆ ನೀರು ಕಾಯಿಸುವ ಕಾಯಿಲ್ ಉರಿದದ್ದು ಒಟ್ಟು ಎಂಟು ನಿಮಿಷವೂ ಇಲ್ಲ. ನಮ್ಮದು 15 ಲೀಟರಿನ, 2000 ವ್ಯಾಟಿನ ಗೀಸರ್. 22 ಡಿಗ್ರಿ ನೀರು 60 ಆಗಬೇಕಾದರೆ ಲೆಕ್ಕಕ್ಕೆ 20 ನಿಮಿಷ ಬೇಕು. ನೀರು ಯಾಕೆ ಕಾಯುತ್ತಿಲ್ಲ ಅನ್ನೋದು ಗೊತ್ತಾಯ್ತು. ಅದು ಅಷ್ಟು ಬೇಗ ಯಾಕೆ ಆಫ್ ಆಗುತ್ತದೆ ಅನ್ನೋದು ಗೊತ್ತಾಗಲಿಲ್ಲ.

ಡಿಸೆಂಬರ್ 8

ಮೊದಲ ಅನುಮಾನ ವೋಲ್ಟೇಜ್ ಮೇಲೆ. ಪ್ಲಗ್ ಕಿತ್ತು ನೋಡಿದರೆ ಒಂದು ಪಿನ್ ಕಪ್ಪಾಗಿತ್ತು. ಸಿಕ್ಕಿಬಿಟ್ಟ ಕಳ್ಳ ಅಂದುಕೊಂಡು ಹೊಸ 16 ಆಂಪಿಯರ್ ಪ್ಲಗ್ ಹಾಕಿದೆ. ಏನೂ ಬದಲಾಗಲಿಲ್ಲ. ಆಮೇಲೆ ಮಲ್ಟಿಮೀಟರ್ ಹಿಡಿದೆ: ದೀಪ ಹತ್ತಿದಾಗ 219 ವೋಲ್ಟ್, ಆರಿದಾಗ 228. ಕರೆಂಟು ಬರ್ತಾನೇ ಇದೆ. ಹಾಗಾದರೆ ಕತ್ತರಿಸುತ್ತಿರುವುದು ಒಳಗಿನ ಥರ್ಮೋಸ್ಟಾಟ್, ಅಂದರೆ ನೀರು ಕಾದಾಗ ಕರೆಂಟು ಕತ್ತರಿಸಿ, ಆರಿದಾಗ ಮತ್ತೆ ಬಿಡುವ ಭಾಗ. ನೀರು ವಿಪರೀತ ಕಾದರೆ ಬಂದ್ ಮಾಡುವ ಕಟ್‌ಔಟ್ ಬೇರೆ ಇರುತ್ತದೆ. ನಮ್ಮ ಗೀಸರಿನಲ್ಲಿ ಅದು ಒಮ್ಮೆ ಬಿದ್ದರೆ ಬಟನ್ ಒತ್ತುವ ತನಕ ಏಳುವುದಿಲ್ಲ. ತಾನಾಗಿ ಹೋಗಿ ಬರುವ ಆಟ ಅದರದ್ದಲ್ಲ.

ಡಿಸೆಂಬರ್ 10

320 ರೂಪಾಯಿ ಕೊಟ್ಟು ಹೊಸ ಥರ್ಮೋಸ್ಟಾಟ್ ತಂದೆ. ಸುಲಭದ ಕೆಲಸ. ಕೆಳಗಿನ ಮುಚ್ಚಳ ತೆಗೆದು, ಎರಡು ವೈರ್ ಬಿಚ್ಚಿ, ಹಳೆಯ ಕಡ್ಡಿ ಎಳೆದು, ಹೊಸದನ್ನು ತೂರಿಸುವುದು. ಸ್ವಿಚ್ ಹಾಕಿದೆ. ಒಂದೂವರೆ ನಿಮಿಷ. ಟಕ್.

ಸುಮ್ನೆ ಕೂತುಬಿಟ್ಟೆ.

ಸಂಜೆ ಪಕ್ಕದ ಮನೆ ಕಾಕಾ ಬಂದರು. ಶಕ್ತಿನಗರದ ಕರೆಂಟ್ ಪ್ಲಾಂಟಿನಲ್ಲಿ, 210 ಮೆಗಾವ್ಯಾಟ್ ಯೂನಿಟ್‌ಗಳ ಬಾಯ್ಲರ್ ಕಡೆ ದುಡಿದು ನಿವೃತ್ತರಾದವರು. ಕಥೆ ಕೇಳಿ ನಕ್ಕರು. “ಒಳಗ ತೆಗದು ನೋಡಿಯೇನು? ನಾವು ಕೃಷ್ಣಾ ನೀರನ್ನ ಸೈತ ಉಪ್ಪಿನಂಶ ಎಲ್ಲಾ ತೆಗದ ಮ್ಯಾಲೇ ಬಾಯ್ಲರಿಗೆ ಬಿಡತಿದ್ವಿ. ಬೋರಿನ ನೀರು ಬಿಟ್ಟಿದ್ರ ಟ್ಯೂಬ್ ಉಳೀತಿದ್ದಿಲ್ಲ. ನೀನು ಅದನ್ನ ಗೀಸರಿಗೆ ಐದು ವರ್ಷ ಬಿಟ್ಟೀದಿ.”

ಡಿಸೆಂಬರ್ 14, ಭಾನುವಾರ

ಮೀಟರ್ ಬೋರ್ಡಿನಲ್ಲೇ ಕರೆಂಟು ಬಂದ್ ಮಾಡುವ ಎಂಸಿಬಿ ಸ್ವಿಚ್ ಇಳಿಸಿದೆ. ಟೆಸ್ಟರ್ ಹಚ್ಚಿ ಎರಡು ಸಲ ನೋಡಿಕೊಂಡೆ. ತಣ್ಣೀರಿನ ವಾಲ್ ಬಂದ್ ಮಾಡಿ ಬಿಸಿನೀರಿನ ನಳ ಬಿಟ್ಟೆ. ನಾಲ್ಕು ಹನಿ ಬಂದು ನಿಂತಿತು. ಖಾಲಿಯಾಯ್ತು ಅಂತ ತಣ್ಣೀರಿನ ಪೈಪಿನ ನಟ್ ಸಡಿಲಿಸಿದೆ ನೋಡಿ, ಹದಿನೈದು ಲೀಟರೂ ನೆತ್ತಿ ಮೇಲೆ! ಬಿಸಿನೀರು ಹೋಗುವ ಪೈಪಿನ ಬಾಯಿ ಡ್ರಮ್ಮಿನ ಮೇಲ್ತುದಿಯಲ್ಲಿರುತ್ತದೆ. ನಳ ಬಿಟ್ಟರೆ ಗೀಸರ್ ಖಾಲಿಯಾಗೋದಿಲ್ಲ, ಕೆಳಗಿನಿಂದಲೇ ಬಸಿಯಬೇಕು. ಹೆಂಡತಿ ಟವೆಲ್ ಕೊಟ್ಟಳು. ನಗು ತಡೆದುಕೊಂಡಿದ್ದಳು ಅಂತ ಕಾಣುತ್ತದೆ.

ಐದು ಬೋಲ್ಟ್ ಬಿಚ್ಚಿದರೂ ಕಾಯಿಲ್ ಕೂತಿರುವ ತಳದ ಪ್ಲೇಟು ಇಳಿಯಲೊಲ್ಲದು. ಅತ್ತ ಇತ್ತ ಅಲುಗಾಡಿಸಿ, ತಿರುಚಿ ಎಳೆದಾಗ ಕರಕರ ಸದ್ದು ಮಾಡುತ್ತಾ ಹೊರಗೆ ಬಂತು. ಕಾಯಿಲ್ ಎಲ್ಲಿದೆ ಅಂತ ಹುಡುಕಬೇಕು! ಮಂಡಕ್ಕಿ ಒಗ್ಗರಣಿ ಜೊತೆ ಕೊಡುವ ಮಿರ್ಚಿಗೆ ಹಿಟ್ಟು ಜಾಸ್ತಿ ಹಿಡಿದರೆ ಹೇಗಿರುತ್ತದೋ ಹಾಗೆ, ಬೋರಿನ ನೀರಿನಿಂದ ಕೂತ ಬೂದುಬಣ್ಣದ ಸುಣ್ಣದಕಲ್ಲು. ಡ್ರಮ್ಮಿನೊಳಗೆ ಕೈ ಹಾಕಿ ಬಾಚಿದೆ. ಅಡುಗೆಮನೆ ತಕ್ಕಡಿಯಲ್ಲಿಟ್ಟರೆ 900 ಗ್ರಾಂ. ತಕ್ಕಡಿ ವಿಷಯ ಅವ್ವನಿಗೆ ಹೇಳಿಲ್ಲ.

ಮುಖ್ಯವಾದದ್ದು ಇದಲ್ಲ. ಥರ್ಮೋಸ್ಟಾಟ್ ಕಡ್ಡಿ ಕೂರುವ ತಾಮ್ರದ ಕೊಳವೆ ಕಾಯಿಲ್ ಪಕ್ಕದಲ್ಲೇ ಇರುತ್ತದೆ. ಎರಡರ ನಡುವೆ ನೀರು ಓಡಾಡಬೇಕು. ಇಲ್ಲಿ ಎರಡೂ ಒಂದೇ ಕಲ್ಲಿನೊಳಗೆ ಸೇರಿಕೊಂಡಿದ್ದವು. ಕಾಯಿಲ್ ಶಾಖ ನೀರಿಗೆ ಹೋಗೋ ಬದಲು ಕಲ್ಲಿನ ಮೂಲಕ ಸೀದಾ ಕೊಳವೆಗೆ. ಥರ್ಮೋಸ್ಟಾಟ್ ಪಾಪ 60 ಮುಟ್ಟಿತು ಅಂತ ಕಟ್ ಮಾಡುತ್ತಿತ್ತು. ಮುಟ್ಟಿದ್ದು ನಿಜ, ಆದರೆ ನೀರಲ್ಲ, ಕಲ್ಲು. ಹಳೇದೂ ಹೊಸದೂ ಒಂದೇ ಹಾಡು ಹಾಡಿದ್ದು ಅದಕ್ಕೇ.

ಮೆಗ್ನೀಸಿಯಂ ರಾಡು ತಂತಿಯಷ್ಟೇ ಉಳಿದಿತ್ತು. ಡ್ರಮ್ಮಿಗೆ ತುಕ್ಕು ಹಿಡಿಯದಿರಲಿ ಅಂತ ತಾನು ಸವೆಯೋದೇ ಅದರ ಕೆಲಸ. ಎರಡು ವರ್ಷಕ್ಕೊಮ್ಮೆಯಾದರೂ ನಾನು ನೋಡಬೇಕಿತ್ತು.

ಬಕೆಟ್ಟಿನಲ್ಲಿ ಬಿಸಿನೀರು, ಅದಕ್ಕೆ 200 ಗ್ರಾಂ ಲಿಂಬಿ ಉಪ್ಪು (ಸಿಟ್ರಿಕ್ ಆಸಿಡ್). ಕಾಯಿಲ್ ಇಳಿಬಿಟ್ಟೆ. ಸೋಡಾ ಬಾಟಲಿ ಬಿಚ್ಚಿದಂತೆ ಸುಂಯ್ ಅಂತು. ಬಚ್ಚಲು ತೊಳೆಯುವ ಆಸಿಡ್ ಹಾಕು, ಹತ್ತು ನಿಮಿಷದ ಕೆಲಸ ಅಂತ ಒಬ್ಬರು ಹೇಳಿದ್ದರು. ಅದು ಸುಣ್ಣದ ಜೊತೆ ಲೋಹವನ್ನೂ ತಿನ್ನುತ್ತದೆ, ಬೇಡ. ಸ್ಕ್ರೂಡ್ರೈವರಿನಿಂದ ಕೆತ್ತೋದೂ ಬೇಡ.

ಡಿಸೆಂಬರ್ 15

ಬೆಳಿಗ್ಗೆ ಹೊತ್ತಿಗೆ ಕಾಯಿಲ್ ಬರಿಮೈಯಾಗಿತ್ತು. ಅಳೆದೆ: 27 ಓಮ್. 2000 ವ್ಯಾಟಿಗೆ ಇಷ್ಟೇ ಬರಬೇಕು. ಕಾಯಿಲ್‌ಗೂ ಪ್ಲೇಟಿಗೂ ನಡುವೆ ಮೀಟರ್ ಏನೂ ತೋರಿಸಲಿಲ್ಲ, ಎರಡೂ ಒಂದಕ್ಕೊಂದು ತಾಗಿಲ್ಲ ಅಂತಾಯ್ತು. ಹೊಸ ವಾಷರ್, ಹೊಸ ರಾಡು. ಥರ್ಮೋಸ್ಟಾಟ್ ಬೇಕಂತಲೇ ಹಳೇದನ್ನೇ ಹಾಕಿದೆ. ಅದು ನಿರಪರಾಧಿ ಅಂತ ಸಾಬೀತಾಗಬೇಕಲ್ವಾ? ಬಿಸಿನೀರಿನ ನಳದಲ್ಲಿ ಧಾರೆ ಬಿಡದೆ ಬರುವ ತನಕ ಕಾದು, ಆಮೇಲೆ ಸ್ವಿಚ್. ನೀರಿಲ್ಲದೆ ಹಚ್ಚಿದರೆ ಕಾಯಿಲ್ ಸುಟ್ಟೇ ಹೋಗುತ್ತದೆ.

ಐದು ನಿಮಿಷ. ಹತ್ತು. ದೀಪ ಅಲುಗಲಿಲ್ಲ. 21ನೇ ನಿಮಿಷಕ್ಕೆ ‘ಟಕ್’. ಕೈ ಒಡ್ಡಿದೆ, ಸುಟ್ಟಿತು. ಮತ್ತೆ ದೀಪ ಹತ್ತಿದ್ದು ಎರಡು ಗಂಟೆ ಆದ ಮೇಲೆ.

ಹೊಸ ಥರ್ಮೋಸ್ಟಾಟ್ ವಾಪಸ್ ಕೊಡಲು ಹೋದೆ. ಅಂಗಡಿಯವರು ಗೋಡೆ ಮೇಲಿನ ಬೋರ್ಡು ತೋರಿಸಿದರು: ಕರೆಂಟ್ ಸಾಮಾನು ವಾಪಸ್ ಇಲ್ಲ.

ಡಿಸೆಂಬರ್ 21

ಥರ್ಮೋಸ್ಟಾಟ್ ತಿರುಗಿಸುವ ಗುಬ್ಬಿಯನ್ನು 60 ಡಿಗ್ರಿಯಿಂದ 55ಕ್ಕೆ ಇಳಿಸಿದ್ದೇನೆ. ನೀರು ಹೆಚ್ಚು ಕಾದಷ್ಟೂ ಸುಣ್ಣ ಬೇಗ ಕೂರುತ್ತದೆ. ಒಂದು ಬೋಲ್ಟಿನ ಹತ್ತಿರ ಸಣ್ಣಗೆ ತೊಟ್ಟಿಕ್ಕುತ್ತಿದೆ. ಎದುರುಬದುರು ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿದೆ, ಕಡಿಮೆಯಾಯ್ತು, ಪೂರ್ತಿ ನಿಂತಿಲ್ಲ. ಸದ್ಯಕ್ಕೆ ಕೆಳಗೆ ಒಂದು ವಾಟಗ ಇಟ್ಟಿದ್ದೇನೆ. ಮುಂದಿನ ಭಾನುವಾರ ಮತ್ತೆ ಪಾನಾ ಹಿಡಿಯಬೇಕು.